ಆರುವ ಹೊತ್ತು

ಪಾಸುಶ್ ದ ಫೆರೇರಾದಲ್ಲಿ ಯಾವ ಬಾಗಿಲು ತಟ್ಟಿದರೂ
ಬಂದು ತೆರೆಯುವವನ ತೋಳಿನ ಮೇಲೆ ಮರದ ಪುಡಿ.
ಪೋರ್ಚುಗಲ್ಲಿನ ಅರ್ಧ ಜನ ಮಲಗುವುದು
ನಮ್ಮ ಮಂಚದ ಮೇಲೆ ಅಂತ ಊರಿನವರ ಜಂಬ.

ಇಲ್ಲಿ ಆದೆಲೀನು ಇಪ್ಪತ್ತೆಂಟು ವರ್ಷ
ಒಣಗುಕೋಣೆ ಕಾದ.
ಕಾಯುವುದು ಎಂದರೆ
ಕಾವಲಿರುವುದು, ದಾರಿ ನೋಡುವುದು, ಬಿಸಿಯೇರುವುದು.
ಮೂರೂ ಅದೇ ಸಂಬಳದೊಳಗೆ.

ಹಸಿ ಬಣ್ಣದ ಕಪಾಟುಬಾಗಿಲುಗಳು
ಮುಟ್ಟಬೇಡಿ ಅಂತ ತೋಳಗಲಿಸಿ ನಿಂತ ಮಕ್ಕಳ ಹಾಗೆ
ರಾತ್ರಿಯಿಡೀ ನಿಲ್ಲುತ್ತಿದ್ದವು.
ಥಿನ್ನರಿನ ಘಾಟು ಅವನ ಕೋಟಿಗೆ ಹತ್ತಿ,
ಕೋಟಿನಿಂದ ಮನೆಯ ಜೋಳದ ರೊಟ್ಟಿಗೂ.
ಹೆಬ್ಬೆರಳ ಬೆನ್ನು ಒತ್ತಿ ಹೇಳುತ್ತಿದ್ದ:
‘ಇದಕ್ಕಿನ್ನೂ ಎರಡು ಗಂಟೆ.
ಅದಕ್ಕಿನ್ನೂ ಹೊತ್ತಿದೆ, ಬೆಳಗಾಗಲಿ.’

ಆಮೇಲೆ ಬಂತು ಹದಿನಾಲ್ಕು ಮೀಟರಿನ ಯಂತ್ರ.
ಈ ಬಾಯಲ್ಲಿ ಹಸಿ ಹಲಗೆ,
ಹೊಟ್ಟೆಯಲ್ಲಿ ಕಣ್ಣಿಗೆ ಕಾಣದ ನೇರಳಾತೀತ ಬೆಳಕು,
ಆ ತುದಿಗೆ ಒಣ ಹಲಗೆ.
ನಡುವೆ ಒಂದು ಸೀನು ಸೀನಲೂ ಪುರಸೊತ್ತಿಲ್ಲ.
ನನ್ನ ಭಾಷೆಯಲ್ಲಿ ದೀಪವೂ ಆರುತ್ತದೆ, ಬಣ್ಣವೂ ಆರುತ್ತದೆ.
ಇಲ್ಲಿ ದೀಪ ಹೊತ್ತಿದರೇ ಬಣ್ಣ ಆರುವುದು.
ಇದನ್ನು ಆದೆಲೀನುಗೆ ಹೇಳಲು ಹೋಗಿ ಸೋತೆ.

ಮಿಲಾನಿನಿಂದ ಒತ್ತಾವಿಯಾ ಎಂಬ ಮಾರಾಟದ ಹುಡುಗಿ ಬಂದು
ಗೋಡೆಯ ಮೇಲೆ ಒಂದು ಗೆರೆ ತೋರಿಸಿದಳು.
ಗೆರೆ ಹತ್ತುತ್ತಿತ್ತು. ಇಳಿಯುವ ಕಡೆ ಪರದೆಯೇ ಮುಗಿದಿತ್ತು.
ನೆಲದ ಹಲಗೆ, ಕಾರಿನ ಮುಂದೀಪದ ಗಾಜು,
ಮಾತ್ರೆಯ ಡಬ್ಬಿ, ಫೋನಿನ ಬೆನ್ನು, ಹೆಂಗಸರ ಉಗುರು,
ಎಲ್ಲಕ್ಕೂ ಇದೇ ಲೇಪ, ಇದೇ ಬೆಳಕು.
ಪಾದರಸದ ದೀಪಗಳ ಕಾಲವೂ ಮುಗಿಯಿತು, ಇನ್ನು ಎಲ್ಇಡಿ,
ಕರೆಂಟು ಕಡಿಮೆ, ಹೊಗೆಯಿಲ್ಲ, ಘಾಟಿಲ್ಲ.
ಘಾಟಿಲ್ಲ ಎಂಬುದು ನಿಜ. ರೊಟ್ಟಿಗೆ ರೊಟ್ಟಿಯ ವಾಸನೆ ಬಂತು.
ಮಾಲೀಕ ಎರ್ಮೀನಿಯು ಒಣಗುಕೋಣೆಯನ್ನು ಅಳೆದು
ಬಾಡಿಗೆಗೆ ಕೊಟ್ಟ.
ಆದೆಲೀನುವನ್ನು ಯಂತ್ರದ ಕೊನೆಗೆ ನಿಲ್ಲಿಸಿದ.

ನಾಂತಿನ ಹೋಟೆಲೊಂದಕ್ಕೆ ನೂರೆಂಬತ್ತು ಬಾಗಿಲು.
ಬಿಳಿ ಬಣ್ಣ. ಅಂಚಿಗೆ ಬೆಲ್ಮೀರು ಕೆತ್ತಿದ ಬಳ್ಳಿ.
ಮೀಟರು ಸರಿ ಎಂದಿತು. ಮೀಟರು ಸುಳ್ಳು ಹೇಳುವುದಿಲ್ಲ,
ಕೇಳಿದಷ್ಟಕ್ಕೆ ಉತ್ತರ ಕೊಡುತ್ತದೆ, ಅಷ್ಟೇ.
ಆದೆಲೀನು ಹೆಬ್ಬೆರಳನ್ನು ಎಲೆಯ ಅಡಿಯ ಸಂದಿಗಿಟ್ಟ.
ಅಂಟಿತು.
ಬೆಳಕು ನೆಟ್ಟಗೆ ಹೋಗುವ ಪ್ರಾಣಿ,
ತಲೆ ಬಗ್ಗಿಸಿ ಎಲೆಯ ನೆರಳೊಳಗೆ ನುಸುಳುವುದಿಲ್ಲ.
ಹಳೆಯ ಕೋಣೆಯ ಗಾಳಿ ಮೂಲೆಮೂಲೆಗೂ ಹೋಗಿ
ಎಲ್ಲರನ್ನೂ ವಿಚಾರಿಸಿಕೊಂಡು ಬರುತ್ತಿತ್ತು.

ದೀಪ ಓರೆ ಮಾಡಿ ನೋಡಿದರು. ಎರಡು ಸಲ ಕಳಿಸಿದರು.
ಮುಂದಿನ ವರ್ಷದ ಕ್ಯಾಟಲಾಗಿನಲ್ಲಿ ಬಳ್ಳಿಯೇ ಇರಲಿಲ್ಲ.
ಚಪ್ಪಟೆ ಬಾಗಿಲು, ಚಪ್ಪಟೆ ಕಪಾಟು.
ಇದೀಗ ಜನರ ಅಭಿರುಚಿ ಎಂದು ಕೆಳಗೆ ಬರೆದಿತ್ತು.
ಬೆಲ್ಮೀರು ಅದನ್ನೋದಿ
ಉಳಿಯನ್ನು ಎಣ್ಣೆಬಟ್ಟೆಯಲ್ಲಿ ಸುತ್ತಿಟ್ಟ,
ಫೋರ್ಕ್‌ಲಿಫ್ಟ್ ಕಲಿಯಲು ಹೆಸರು ಕೊಟ್ಟ.

ಹಾಗೆಂದು ಆದೆಲೀನು ಹಳೆಯದಕ್ಕೆ ಅತ್ತವನಲ್ಲ.
ರಾತ್ರಿ ಮನೆಯಲ್ಲೇ ಮಲಗುತ್ತಾನೆ, ಕೆಮ್ಮು ಹೋಗಿದೆ.
ಕೈಗವಸು ಮರೆತ ದಿನ ಮಾತ್ರ
ಬೆರಳ ಸಂದಿ ಕೆಂಪಾಗಿ ತುರಿಸುತ್ತದೆ.

ಕುಂಟುವ ಸ್ಟೂಲಿಗೆ ಬಳಿಯೋಣವೆಂದು ಒಂದು ದಿನ
ಜಾಮಿನ ಶೀಶೆಯಲ್ಲಿ ಆ ಪಾರಕ ಲೇಪವನ್ನು
ಕರಿಕಾಗದ ಸುತ್ತಿ ಮನೆಗೆ ತಂದ.
ದೆಯೊಲಿಂದಾ ಕಾಗದ ಬಿಚ್ಚಿದಳು,
ಜೇನೋ ಎಂದು ಚಮಚದಿಂದ ಕಲಕಿ, ಮೂಸಿ, ಮುಖ ಸಿಂಡರಿಸಿ
ಹಾಗೇ ಕಿಟಕಿಯಲ್ಲಿಟ್ಟು ಸಂತೆಗೆ ಹೋದಳು.
ಬೆಟ್ಟದ ಮೇಲೆ ಬಿಸಿಲು ಬಂತು.

ಬಂದು ನೋಡಿದರೆ ಚಮಚ ನೆಟ್ಟಗೆ ನಿಂತಿದೆ,
ಎಳೆದರೆ ಶೀಶೆಯೂ ಜೊತೆಗೇ ಏಳುತ್ತದೆ.
ಆದೆಲೀನು ಹೆಬ್ಬೆರಳ ಬೆನ್ನು ಒತ್ತಿದ. ಕಲ್ಲು.
ಬೋರಲು ಹಿಡಿದ. ತಳದಲ್ಲಿ ಒಂದು ಗುಳ್ಳೆ
ಎದ್ದು, ಬಲು ನಿಧಾನ, ಹೊರಟಿತು.
‘ಇದಕ್ಕಿನ್ನೂ ಹೊತ್ತಿದೆ,’ ಅಂದ.
‘ನನ್ನ ಚಮಚಕ್ಕೆ?’